ಮಡಚಿದಲ್ಲಿ ಸವೆದದ್ದು

ಉಪ್ಪಳ ಪೇಟೆ, ಬೇಕರಿಯ ಮಾಳಿಗೆ.
ಎಂಟೂರಿನ ನೆಲ ಒಂದೇ ಕಡತದಲ್ಲಿದೆ,
ಒಂದು ಲಕ್ಷದ ಹದಿನಾರು ಸಾವಿರ ಸಾಲು.
ಊರೊಳಗೆ ಸರ್ವೆ ನಂಬ್ರ, ನಂಬ್ರದೊಳಗೆ ಹಿಸ್ಸೆ,
ಹಿಸ್ಸೆಯೊಳಗೆ ಮತ್ತೆ ಅಣ್ಣತಮ್ಮಂದಿರ ಹಿಸ್ಸೆ.
ಒತ್ತಿದರೆ ಊರು ಮಡಚಿಕೊಳ್ಳಬೇಕು,
ಹೆಸರು ಮಾತ್ರ ಉಳಿಯಬೇಕು.
ಅಷ್ಟೇ ನಾನು ಕೇಳಿದ್ದು.

ಅಂಚಿನಲ್ಲಿ ತ್ರಿಕೋನವೇ ಇರಲಿಲ್ಲ ಮೊದಲು.
ಕಡತ ಇಷ್ಟು ದೊಡ್ಡದಾದರೆ ಎಡಿಟರು
ಮಡಚುವ ಗೊಡವೆಗೇ ಹೋಗುವುದಿಲ್ಲ.
ಆ ಮಿತಿ ತೆಗೆದೆ. ಫ್ಯಾನು ಏದುಸಿರು ಬಿಟ್ಟಿತು,
ತ್ರಿಕೋನ ಮೂಡಿತು, ಒತ್ತಿದೆ.
ಒತ್ತಿದ್ದು ಒಂದೇ ಊರನ್ನು. ಅದರ ಬೆನ್ನಿಗೆ
ಬೆಟ್ಟು ಹೋಯಿತು, ಮಜಲು ಹೋಯಿತು, ಬೈಲು ಹೋಯಿತು,
ಶಿರಿಯದ ಹೊಳೆ ಹೋಯಿತು, ರೈಲುಹಳಿ ಹೋಯಿತು,
ಕಡಲಿನ ತನಕ ಏನೂ ಇಲ್ಲ,
ಮೂರು ಚುಕ್ಕೆ.

ಸಾಲು ಒಳಸರಿದದ್ದು ನೋಡಿ ಮಡಚು ಎಂದೆ.
ಕೆಲವು ಕಡೆ ಟ್ಯಾಬು, ಕೆಲವು ಕಡೆ ನಾಲ್ಕು ಸ್ಪೇಸು,
ಮೂರು ಮಂದಿ ಮೂರು ಕಾಲದಲ್ಲಿ ಕೂತೆದ್ದ ಗುರುತು.
ಎಲ್ಲ ಸಮ ಮಾಡಿದೆ. ಹೊಳೆ ಮರಳಲಿಲ್ಲ.

ಬೇಕರಿಯ ಅಂದುಂಞಿ ಚಾ ತಂದಿಟ್ಟು ಕೇಳಿದ,
"ನಮ್ಮ ಐದು ಸೆಂಟು ಉಂಟಲ್ಲ ಅದರಲ್ಲಿ?"
ಉಂಟು ಮಾರಾಯ. ಮಡಚಿಕೊಂಡು ಉಂಟು.

ಆಮೇಲೆ ಕಡತವನ್ನು ಎರಡಾಗಿ ಸೀಳಿದೆ.
ಕೆಳಗಿನರ್ಧ ಸರಿ. ಮೇಲಿನದನ್ನು ಮತ್ತೆ ಎರಡು.
ಸೀಳಿಸಿಕೊಳ್ಳುವುದು ಈ ನೆಲಕ್ಕೆ ಹೊಸತಲ್ಲ.
ಹದಿನೇಳನೆಯ ಸೀಳಿಗೆ ಸಿಕ್ಕಿತು,
ಸಾಲು ೪೧,೨೦೭:
ತೆರೆದ ಚಿಹ್ನೆ ಇದೆ, ಮುಚ್ಚಿದ್ದಿಲ್ಲ.
ಪಕ್ಕದಲ್ಲಿ, ಯಂತ್ರ ಓದದ ಟಿಪ್ಪಣಿ:
"ನಕ್ಷೆ ಮಡಚಿದಲ್ಲಿ ಸವೆದಿದೆ. ಮೂಡು ಗಡಿ ಕಾಣುವುದಿಲ್ಲ.
ಕುಂಞಂಬು ಬೆಳ್ಚಪ್ಪಾಡರಲ್ಲಿ ಕೇಳಿ ಮುಚ್ಚಬೇಕು. ವಾರಿಜ."

ಕಪಾಟಿನ ಮೇಲೆ ಆ ನಕ್ಷೆ ಇನ್ನೂ ಇದೆ,
ಬಟ್ಟೆಗೆ ಅಂಟಿಸಿದ ಕಾಗದ, ಎಂಟು ಮಡಿಕೆ,
ಕನ್ನಡದ ಅಂಕಿ, ಮಂಗಳೂರು ಕಚೇರಿಯ ಮೊಹರು.
ಬಿಡಿಸಿದೆ. ಮಡಿಕೆಗೆ ಮಡಿಕೆ ಸೇರುವಲ್ಲಿ
ತೂತು, ಒಳ್ಳೆಮೆಣಸಿನಷ್ಟು.
ಅದರೊಳಗಿಂದ ಮೇಜು ಕಾಣುತ್ತದೆ.

ವಾರಿಜಕ್ಕ ಈಗ ಕುಂಬಳೆಯಲ್ಲಿ ಟೈಲರು.
ಫೋನಿನ ಹಿಂದೆ ಹೊಲಿಗೆಯ ಸದ್ದು ನಿಂತಿತು.
"ಹೋಗಿದ್ದೆ, ಅವರು ಗದ್ದೆಯಲ್ಲಿದ್ದರು.
ಇನ್ನೊಮ್ಮೆ ಹೋಗುವಾ ಎಂದುಕೊಂಡೆ,
ಅಷ್ಟರಲ್ಲಿ ನನ್ನ ಕೆಲಸವೇ ಮುಗಿಯಿತು.
ಅದು ಇನ್ನೂ ಹಾಗೇ ಉಂಟಾ?"

ಮುಂದಿನ ಸಾಲಿನಲ್ಲಿ ಒಂದು ಚಿಹ್ನೆ ಬರೆದೆ, ಅಷ್ಟೇ.
ಹೊಳೆ ಬಂತು, ಹಳಿ ಬಂತು,
ಅಂದುಂಞಿಯ ಐದು ಸೆಂಟೂ ಬಂತು.
ಎಡಿಟರಿಗೆ ಮುಚ್ಚಿದರೆ ಸಾಕು,
ಯಾರ ಗದ್ದೆಯೊಳಗೆ ಮುಚ್ಚಿದೆ ಎಂದು ಅದು ಕೇಳುವುದಿಲ್ಲ.

ಟಿಪ್ಪಣಿ ಅಳಿಸಲು ಕೈ ಹೋಯಿತು.
ಅಳಿಸದೆ, ಕೆಳಗೆ ಸೇರಿಸಿದೆ:
"ಇಲ್ಲಿ ಮುಚ್ಚಿದ್ದು ನಾನು. ಇದು ಗಡಿಯಲ್ಲ.
ಭಾನುವಾರ ಹೋಗಿ ಕೇಳಬೇಕು."
ತಾರೀಕು ಹಾಕಿದೆ.