ಬೇಕರಿ ಜೀಪು

ಸೆವ್ರಿನ್ ಬಾಯಿಗೆ ಬಲ ಹೆಗಲು ಹಿಡಿದುಕೊಂಡಿದೆ.
ಡಾಕ್ಟರು ಜೀಪು ಮಾರಿಬಿಡಿ ಅಂದರಂತೆ.
ಅವರು ಅದನ್ನು ನನ್ನ ಶೆಡ್ಡಿನ ಮುಂದೆ ತಂದು ನಿಲ್ಲಿಸಿ
ಎಡಗೈಯಲ್ಲಿ ಕೀ ನೀಡಿದರು:
"ಹೆಗಲು ಕೈಕೊಟ್ಟರೆ ಜೀಪಿನದೇನು ತಪ್ಪು ಆಚಾರೇ,
ಸ್ಟೀರಿಂಗು ಹಗುರ ಮಾಡಿಕೊಡಿ."

ಐವತ್ತೆರಡರ ವಿಲ್ಲೀಸ್. ನಲವತ್ತು ವರ್ಷ
ಚಿಕ್ಕಮಗಳೂರಿಂದ ಆಲ್ದೂರು, ಆಲ್ದೂರಿಂದ ಬಾಳೆಹೊನ್ನೂರು,
ಬನ್ನು, ಬ್ರೆಡ್ಡು, ಖಾರದ ಬಿಸ್ಕತ್ತು ಹೊತ್ತದ್ದು.
ಅಕ್ಕ ಅಪೊಲಿನ್ ರಾತ್ರಿಯೆಲ್ಲ ನಾದಿ ಸುಟ್ಟದ್ದನ್ನು
ತಂಗಿ ಕೋಳಿ ಕೂಗುವ ಮುಂಚೆ ಹೇರಿಕೊಂಡು ಹೊರಡುವುದು.
ಸೀಟಿನ ಸಂದಿನಲ್ಲಿ ಇನ್ನೂ ರಸ್ಕಿನ ಪುಡಿ;
ಇರುವೆಗಳಿಗದು ಪಿತ್ರಾರ್ಜಿತ.

ಕೆಳಗೆ ಮಲಗಿ ನೋಡಿದೆ.
ಮುಂದೆ ಒಂದೇ ಅಚ್ಚು, ಈ ಗಾಲಿಯಿಂದ ಆ ಗಾಲಿಗೆ,
ನಮ್ಮಪ್ಪ ಎತ್ತಿನಗಾಡಿಗೆ ಕಾಸಿ ಬಡಿದು ಕೂರಿಸುತ್ತಿದ್ದಂಥದ್ದೇ.
ಎಡದ್ದು ಕಲ್ಲು ಹತ್ತಿದರೆ ಬಲದ್ದಕ್ಕೂ ಗೊತ್ತಾಗಬೇಕು.
ಮುಚ್ಚಿಟ್ಟುಕೊಳ್ಳುವುದು ಈ ಜಾತಿಯ ಗಾಡಿಗೆ ಬರುವುದಿಲ್ಲ.

ಹಾಸನದ ಗುಜರಿಯಲ್ಲಿ ಮಗುಚಿಕೊಂಡಿದ್ದ ಬೊಲೆರೋ ಒಂದರಿಂದ
ಸ್ಟೀರಿಂಗ್ ಬಾಕ್ಸು, ಪಂಪು, ಎರಡು ಹೋಸು ಬಿಚ್ಚಿ ತಂದೆ.
ಚಾಸಿಗೆ ಡ್ರಿಲ್ಲು ಹಿಡಿಯುವ ಮುಂಚೆ
ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ದೆ.
ಎಪ್ಪತ್ತು ವರ್ಷದ ಕಬ್ಬಿಣಕ್ಕೆ ಹೊಸ ತೂತು ಕೊರೆಯುವಾಗ
ಯಾರ ಒಪ್ಪಿಗೆ ಕೇಳಬೇಕೋ ತಿಳಿಯುವುದಿಲ್ಲ.
ಬಿಟ್ಟು ಮುರಿಯಿತು. ಇನ್ನೊಂದು ಮುರಿಯಿತು.
ಬೇಡ ಅಂತಲೇ ಇರಬೇಕು ಅಂದುಕೊಂಡು
ಮೂರನೆಯದು ಹಾಕಿದೆ.

ಮೊದಲ ಸಲ ಕೆಟ್ಟಿತು.
ಕ್ಯೂರಿಂಗ್ ವರ್ಕ್ಸ್ ಮುಂದಿನ ಗುಂಡಿಗೆ ಇಳಿದದ್ದೇ
ಸ್ಟೀರಿಂಗು ತಾನಾಗಿ ತಿರುಗಿ ಎಳನೀರಿನ ಗಾಡಿಯತ್ತ ನುಗ್ಗಿತು.
ಬಸಪ್ಪಣ್ಣ ಬೈದದ್ದನ್ನು ಇಲ್ಲಿ ಬರೆಯುವಂತಿಲ್ಲ.
ತಪ್ಪು ನನ್ನದೇ. ಸರಳು ಓರೆ ಕೂತಿತ್ತು,
ಅಚ್ಚು ಏಳುವುದು ಒಂದು ದಾರಿ, ಸರಳು ಏಳುವುದು ಇನ್ನೊಂದು.
ತೋಳನ್ನು ಒಂದೂವರೆ ಇಂಚು ತಗ್ಗಿಸಿ,
ಅಪ್ಪ ದಾರ ಹಿಡಿದು ನೋಡುತ್ತಿದ್ದ ಹಾಗೆ ಒಂದು ಕಣ್ಣು ಮುಚ್ಚಿ,
ಎರಡನ್ನೂ ಸಮಕ್ಕೆ ತಂದೆ. ವಾರ ಹಿಡಿಯಿತು.

ಈಗ ಕಿರುಬೆರಳಿಗೆ ತಿರುಗುತ್ತದೆ.
ಬಾಯಿ ಕೂತು, ಆಲದ ಮರದ ತಿರುವಿನವರೆಗೆ ಹೋಗಿ ಬಂದರು.
ಇಳಿಯಲಿಲ್ಲ.
"ಮೊದಲು ಇದು ವಾದ ಮಾಡ್ತಿತ್ತು ಆಚಾರೇ.
ಈಗ ಎಲ್ಲಕ್ಕೂ ಹೂಂ ಅನ್ನುತ್ತೆ.
ಡಾಂಬರು ಎಲ್ಲಿ ಕಿತ್ತಿದೆ, ಮೊನ್ನೆ ಎಲ್ಲಿ ಜಲ್ಲಿ ಸುರಿದಿದಾರೆ,
ನನ್ನ ಅಂಗೈಗೆ ಹೇಳೋರೇ ಇಲ್ಲ.
ಒಂಚೂರು ಭಾರ ಉಳಿಸಿ."

ಒಂಚೂರು ಅಂದರೆ ಎಷ್ಟು?
ಇಂಚು ಗೊತ್ತು ನನಗೆ, ನೂಲು ಗೊತ್ತು, ಅರ್ಧ ನೂಲೂ ಗೊತ್ತು.
ಮರುದಿನ ಅಪೊಲಿನ್ ಬಾಯಿಯೇ ನಡೆದುಕೊಂಡು ಬಂದರು.
ಒದ್ದೆ ಬಟ್ಟೆ ಬಿಡಿಸಿ, ಹಿಟ್ಟಿನದೊಂದು ಮುದ್ದೆ
ನನ್ನ ಗ್ರೀಸುಗೈಯಲ್ಲಿಟ್ಟು,
"ಒತ್ತಿ ನೋಡಿ. ಇಷ್ಟು ಸಾಕು ಅವಳಿಗೆ.
ಇದಕ್ಕಿಂತ ಮೆತ್ತಗಾದರೆ ದಾರೀಲೇ ನಿದ್ದೆ ಹೋಗ್ತಾಳೆ,"
ಎಂದು ತಂಗಿಯ ಮೇಲೆ ಗೊಣಗುತ್ತ ಹೋದರು.

ಒತ್ತಿದೆ. ಪಂಪಿನ ವಾಲ್ವಿನಡಿ ತೆಳ್ಳನೆಯದೊಂದು ವಾಷರು.
ಸ್ಟೀರಿಂಗ್ ತಿರುಗಿಸಿದೆ, ಹಿಟ್ಟು ಒತ್ತಿದೆ.
ಇನ್ನೊಂದು ವಾಷರು.
ಮೂರನೆಯದು ಹೆಚ್ಚಾಯಿತು, ತೆಗೆದೆ.

ಜೀಪು ಆಲ್ದೂರಿನ ರಸ್ತೆ ಹಿಡಿದಾಗ ಸಂಜೆ ನಾಲ್ಕು.
ಬೆಂಚಿನ ಮೇಲೆ, ವೈಸಿನ ಪಕ್ಕ,
ಮರೆತು ಬಿಟ್ಟ ಹಿಟ್ಟು ಬಿಸಿಲಿಗೆ ಎರಡರಷ್ಟು ಉಬ್ಬಿತ್ತು,
ನನ್ನ ಹೆಬ್ಬೆಟ್ಟಿನ ಕರಿ ಗುರುತೂ
ಅದರ ಜೊತೆ ಹಿಗ್ಗಿ.