ಎಂ ಎಂಟು, ಎಂ ನಲವತ್ತೆಂಟು

ಕೂಡ್ಲೂರಿನ ಶೆಡ್ಡಿಗೆ ಹೊಸ ಕಂಪ್ಯೂಟರ್ ಬಂದ ದಿನ
ಹಳೆಯ ಫೈಲು ತೆರೆದೆ: ಕಾಫಿ ಪಲ್ಪರ್, ಎರಡು ಡಿಸ್ಕಿನದು,
ಆರು ತಿಂಗಳು ನಾನೇ ಕೂತು ಜೋಡಿಸಿದ್ದು.
ಪರದೆ ಒಮ್ಮೆ ಬಿಕ್ಕಿತು.
ಆಮೇಲೆ ಕಂಡದ್ದು ಪಲ್ಪರ್ ಅಲ್ಲ,
ಚಕ್ಕೋತದ ಮರ.

ಎಂ ಎಂಟು ಬೋಲ್ಟುಗಳೆಲ್ಲ ಎಂ ನಲವತ್ತೆಂಟಾಗಿ
ಹಾಪರಿನ ತಗಡು ಸೀಳಿ, ಶಾಫ್ಟಿನ ಹೊಟ್ಟೆ ತೂರಿ,
ಒಂದರ ತಲೆಯೊಳಗೆ ಇನ್ನೊಂದರ ತಲೆ.
ಬದಿಯ ಪಟ್ಟಿಯಲ್ಲಿ ಹಣ್ಣಾದ ರೆಕ್ಕೆಯ ಹಾಗೆ ಕೆಂಪು.
ಎಣಿಸಿದೆ: ಇನ್ನೂರ ಹದಿನಾಲ್ಕು ತಪ್ಪು.

ಬಿದ್ದಪ್ಪನವರು ಬಾಗಿಲಲ್ಲೇ ನಿಂತು ನೋಡಿ
"ಇದೇನಮ್ಮ, ಸೇತುವೆ ಕಟ್ಟುತ್ತಿದ್ದೇವಾ?" ಅಂದರು.
ನಗಲಿಲ್ಲ. ಪೊನ್ನಂಪೇಟೆ ಕಡೆಯ ತೋಟಕ್ಕೆ
ನವೆಂಬರ್ ಮುಗಿಯುವುದರೊಳಗೆ ಕೊಡಬೇಕು.
ಹಣ್ಣು ಯಾರಿಗೂ ಕಾಯುವುದಿಲ್ಲ.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ:
ಮುಚ್ಚಿದೆ, ತೆರೆದೆ. ಮತ್ತೆ ಮುಚ್ಚಿದೆ, ತೆರೆದೆ.
ಆಮೇಲೆ ಒಂದೇ ಒಂದು ಬೋಲ್ಟಿನ ಬೆನ್ನು ಹತ್ತಿದೆ.
ಎಲ್ಲಿಯವನಪ್ಪಾ ನೀನು?
ಅದು ವಿಳಾಸ ಹೇಳಿತು: ಡಿ ಡ್ರೈವ್,
ನನಗಿಂತ ಮುಂಚೆ ಇಲ್ಲಿದ್ದ ಜೋಯಪ್ಪನ ಫೋಲ್ಡರ್.
ಆ ಯಂತ್ರ ಏಪ್ರಿಲ್ಲಿನ ಸಿಡಿಲಿಗೆ ಸತ್ತು
ಮೂಲೆಯಲ್ಲಿ ಗೋಣಿ ಹೊದ್ದು ಕೂತಿದೆ.
ಹೊಸದರಲ್ಲೂ ಅದೇ ಹೆಸರಿನ ಬೋಲ್ಟುಂಟು,
ಅದಕ್ಕೆ ನನ್ನ ಎಂಟು ಗೊತ್ತಿಲ್ಲ.
ಗೊತ್ತಿಲ್ಲ ಅನ್ನಲು ನಾಚಿಕೆಯಾಗಿ
ಪಟ್ಟಿಯ ತುದಿಯದನ್ನು ಎತ್ತಿ ಕೊಟ್ಟಿದೆ.

ಮೊಯ್ದುಟ್ಟಿಕಾಕ ಲೇತು ನಿಲ್ಲಿಸಿ ಬಂದರು,
ಕೈಯಲ್ಲಿ ಬಿಸ್ಕತ್ತಿನ ಡಬ್ಬ:
ನಲವತ್ತು ವರ್ಷದ ನಟ್ಟು, ವಾಷರು, ಕಾಟರ್ ಪಿನ್ನು,
ನಡುವೆ ಒಂದು ನಾಲ್ಕಾಣೆ.
ಕಣ್ಣು ಕಿಟಕಿಯ ಕಡೆ, ಬೆರಳು ಡಬ್ಬದೊಳಗೆ.
"ಆರು. ಎಂಟು. ಎಂಟು. ಹತ್ತು.
ಇದು ಎಂಟಲ್ಲ, ಐದು ಬೈ ಹದಿನಾರು. ಸುಳ್ಳುಗಾರ.
ನಿನ್ನ ಡಬ್ಬ ಎಲ್ಲಿ, ತೋರಿಸು."
ತೋರಿಸಲು ಏನಿದೆ? ಒಂದು ಸಾಲು ಅಕ್ಷರ.

ಸಂಜೆಗೆ ಸತ್ತ ಯಂತ್ರದ ಹೊಟ್ಟೆ ಬಿಚ್ಚಿ
ಡಿಸ್ಕು ಹೊರತೆಗೆದು, ಕೇಬಲ್ಲು ಸಿಕ್ಕಿಸಿ
ಕಿವಿಗೊಟ್ಟು ಕೂತೆವು.
ತಿರುಗಿತು.
ಜೋಯಪ್ಪನ ಫೋಲ್ಡರನ್ನು ಇತ್ತ ಸಾಗಿಸಿ,
ಲೈಬ್ರರಿಗೆ ಹೊಸ ದಾರಿ ತೋರಿಸಿ,
ಎಲ್ಲವನ್ನೂ ಮತ್ತೆ ಕಟ್ಟು ಎಂದು ಒತ್ತಿದರೆ
ಉಪ್ಪು ತಾಗಿದ ಜಿಗಣೆಗಳ ಹಾಗೆ
ಬೋಲ್ಟುಗಳು ಮುದುಡಿ ಮುದುಡಿ
ತಮ್ಮ ತಮ್ಮ ತೂತಿಗೆ ಇಳಿದವು.
ಇನ್ನೂರ ಹದಿನಾಲ್ಕು ಹೋಗಿ ಹನ್ನೊಂದು.
ಹನ್ನೊಂದು ಹೋಗಿ ನಾಲ್ಕು.

ನಾಲ್ಕು ನಾಲ್ಕಾಗಿಯೇ ಉಳಿಯಿತು.
ತೋಟದ ಹಳೆಯ ಎರಕದ ಕಾಲುಗಳಿಗೆ ಕೂರುವ ಬೋಲ್ಟುಗಳವು.
ದೊರೆಗಳ ಕಾಲದ ಕಾಲು, ಬದಲಿಸಕೂಡದೆಂದು ತೋಟದವರ ಹಟ.
ಇಂಚಿನ ಲೆಕ್ಕ, ಐವತ್ತೈದು ಡಿಗ್ರಿಯ ಹಲ್ಲು.
ಜೋಯಪ್ಪ ಅಂದಾಜಿನ ಮೇಲೆ ಎಂ ಹನ್ನೆರಡು ಹಾಕಿ
ಕಣ್ಣು ಮುಚ್ಚಿದ್ದ. ನಾನೂ ಮುಚ್ಚಬಹುದಿತ್ತು,
ಚಿತ್ರದಲ್ಲಿ ಯಾರಿಗೂ ತಿಳಿಯದು.
ಕಬ್ಬಿಣದಲ್ಲಿ ನಟ್ಟು ಎರಡು ಸುತ್ತು ಹತ್ತಿ
ಮೂರನೆಯದಕ್ಕೆ ಕಚ್ಚಿಕೊಳ್ಳುತ್ತದೆ.

ಕಾಕ ಪಿಚ್ ಗೇಜಿನ ಎಲೆಯೊಂದನ್ನು ಹಲ್ಲಿಗಿಟ್ಟು
ಟ್ಯೂಬ್‌ಲೈಟಿಗೆ ಹಿಡಿದರು. "ನೋಡು,
ನಡುವೆ ಬೆಳಕು ಕಾಣಬಾರದು."
ಕಾಣಲಿಲ್ಲ.
ಒಂಬತ್ತರವರೆಗೂ ಅವರು ಅಳೆದು ಹೇಳಿದರು, ನಾನು ಬರೆದೆ,
ಸವೆದಷ್ಟನ್ನೂ ಸೇರಿಸಿ.
ಹೆಸರು ಏನಿಡಲಿ ಕಾಕ?
"ಅರ್ಧ ಇಂಚು ಅಂತಿಡು. ಬೋಲ್ಟಿಗೆ ಇನ್ನೇನು ನಾಮಕರಣ?"
ಅರ್ಧ ಇಂಚು ಮೊಯ್ದುಟ್ಟಿ ಅಂತಿಟ್ಟೆ.
ಅವರು ಕನ್ನಡಕ ಹಾಕಿರಲಿಲ್ಲ.

ಮರುದಿನ ಮೈಸೂರಿನ ಅಂಗಡಿಯಿಂದ ಫೋನು:
"ಸಾರ್, ಎಂ ನಲವತ್ತೆಂಟು, ಅರವತ್ತನಾಲ್ಕು ಬೋಲ್ಟು ಬರೆದಿದ್ದೀರಿ.
ಲಾರಿ ನೀವೇ ಕಳಿಸುತ್ತೀರಾ?"
ಕೆಂಪಿದ್ದಾಗಲೇ ಪಟ್ಟಿ ಪ್ರಿಂಟು ತೆಗೆದು
ಬಿದ್ದಪ್ಪನವರು ಕಳಿಸಿಬಿಟ್ಟಿದ್ದರು.
ರದ್ದಾಯಿತು ಎಲ್ಲ, ಒಂದರ ಹೊರತು:
ಸ್ಯಾಂಪಲ್ಲೆಂದು ಬೆಳಗ್ಗಿನ ಬಸ್ಸಿಗೇ ಹಾಕಿದ್ದರಂತೆ.

ಈಗ ಅದು ಶೆಡ್ಡಿನ ಬಾಗಿಲಿಗೆ ಅಡ್ಡ ಇದೆ,
ಗಾಳಿಗೆ ಬಡಿದುಕೊಳ್ಳದಿರಲಿ ಎಂದು.
ಅಳತೆ ಸರಿಯಾಗಿದೆ.