ಟೆಂಪೋದ ಹಗ್ಗ

ಕುಂಬಳಗೋಡಿನಿಂದ ನಾಯಂಡಹಳ್ಳಿಯ ಗಾರ್ಮೆಂಟ್ಸಿಗೆ ಇಪ್ಪತ್ತೆರಡು ಹೆಂಗಸರು
ನಿಂತೇ ಹೋಗುತ್ತೇವೆ, ಅಡ್ಡಕ್ಕೆ ಕಟ್ಟಿದ ಒಂದೇ ಹಗ್ಗ ಹಿಡಿದು.
ಚೆಲುವರಾಜ ಬ್ರೇಕ್ ಒತ್ತಿದರೆ ಅಷ್ಟೂ ಉಸಿರು ಒಟ್ಟಿಗೆ ನಿಲ್ಲುತ್ತದೆ.
ಆಮೇಲೆ ಯಾರೋ ನಗುತ್ತಾರೆ. ಯಾವಾಗಲೂ ಯಾರೋ ನಗುತ್ತಾರೆ.

ಮೊದಲು ಬೈಯುತ್ತಿದ್ದೆವು ಅವನನ್ನು.
ಈಗ, ಬೈದರೆ ಅವನ ಕೈ ನಡುಗೀತೆಂದು
ಬಾಯಿ ಮುಚ್ಚಿದ್ದೇವೆ.

ಲಾರಿ ಪಕ್ಕಕ್ಕೆ ಬಂದರೆ
ಜಬೀನಾ ಮಾತನ್ನು ಅರ್ಧಕ್ಕೇ ಬಿಡುತ್ತಾಳೆ,
ಲಾರಿ ಹೋದ ಮೇಲೂ ಮುಗಿಸುವುದಿಲ್ಲ.
ಅವಳ ನಾದಿನಿಗೆ ಗಂಡು ಗೊತ್ತಾಯಿತೋ ಇಲ್ಲವೋ
ನಮಗೆ ಇವತ್ತಿಗೂ ತಿಳಿಯದು.

ಪುಟ್ಟಲಿಂಗಮ್ಮ ಚೀಟಿ ಹಾಕುವುದು ಬಿಟ್ಟಳು.
'ಇಪ್ಪತ್ತು ತಿಂಗಳು, ಯಾರ್ ಕಂಡೋರು ಕಣ್ರೇ' ಅಂದಳು, ಅಷ್ಟೇ.

ನೈಸ್ ರೋಡಿನ ಸೇತುವೆ ಕೆಳಗೆ ಯಾರೂ ಎಡಕ್ಕೆ ನೋಡುವುದಿಲ್ಲ.
ಎಡಕ್ಕೆ ಕಂಬ. ಕಂಬಕ್ಕೆ ಹೊಸ ಸುಣ್ಣ.
ಹಗ್ಗದಲ್ಲಿ ಕಮಲಾಕ್ಷಿ ಹಿಡಿಯುತ್ತಿದ್ದ ಒಂದು ಗೇಣು
ಇಷ್ಟು ನೂಕುನುಗ್ಗಲಲ್ಲೂ ಖಾಲಿ.

ರಾತ್ರಿ ನಿದ್ದೆಯಲ್ಲಿ ನನ್ನ ಮುಷ್ಟಿ ಬಿಡಿಸಲು
ಮಗಳಿಗೆ ಎರಡೂ ಕೈ ಬೇಕಂತೆ.

ಮೊನ್ನೆ ಹೊಸ ಹುಡುಗಿಯೊಬ್ಬಳು ಹತ್ತಿ
ಆ ಗೇಣಿನ ಮೇಲೇ ಕೈಯಿಟ್ಟಳು.
ಯಾರೂ ಏನೂ ಹೇಳಲಿಲ್ಲ.
ನಾನು ತುಸು ಸರಿದೆ,
ಬೆರಳಿಗೆ ಬೆರಳು ತಾಗದ ಹಾಗೆ.
ಹೆಸರು ಇನ್ನೂ ಕೇಳಿಲ್ಲ.